ಕೈಗುಣ ಕಳೆದುಕೊಂಡ ಅಕ್ಕ

ಸಂಜೆ ಸೊಸೆಗೆ ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಪುರುಸೊತ್ತು ಕೊಡದೆ ಅತ್ತೆ ಒಳಗಿನಿಂದಲೇ ಕೇಳುತ್ತಿದ್ದ ಪ್ರಶ್ನೆ ಒಂದೇ: ಇವತ್ತು ಎಷ್ಟು ಸತ್ತವು? ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಗಂಡ ಹೆಂಡತಿ ಇದನ್ನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡು, ಒಂದು ವಾರ ಈ ಮನೆಯ ಕಡೆ ತಲೆ ಹಾಕಿರಲಿಲ್ಲ. ಆಮೇಲೆ ಅತ್ತೆಯೇ ಅವರನ್ನು ಕರೆದು ಕೂರಿಸಿ, ತನ್ನ ಸೊಸೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಕ್ಯಾನ್ಸರಿನ ಜೀವಕೋಶಗಳನ್ನು ಸಾಕುವವಳೆಂದೂ, ಸಾಕಿ ಬೆಳೆಸಿ ಔಷಧಿ ಹಾಕಿ ಕೊಲ್ಲುವುದೇ ಅವಳ ಉದ್ಯೋಗವೆಂದೂ, ಹೆಚ್ಚು ಸತ್ತ ದಿನ ಮನೆಯಲ್ಲಿ ಅಡುಗೆ ರುಚಿಯಾಗಿರುತ್ತದೆಂದೂ ವಿವರಿಸಿದ ಮೇಲೆ ಅವರ ಜೀವ ಜಾಗಕ್ಕೆ ಬಂತು.

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಪೆಟ್ಟಿಗೆಯಕ್ಕ ಎಂದು. ಮೂಲೆಯಲ್ಲಿ, ಎರಡು ಬೀರುಗಳನ್ನು ಅಡ್ಡ ಮಲಗಿಸಿದಷ್ಟು ಉದ್ದದ ಒಂದು ಪೆಟ್ಟಿಗೆ ಇತ್ತು. ಮುಂದೆ ಗಾಜು, ಗಾಜಿನಲ್ಲಿ ಎರಡು ದುಂಡು ತೂತು, ತೂತುಗಳಿಗೆ ತೋಳುದ್ದದ ರಬ್ಬರ್ ಗ್ಲೌಸು. ಅದರೊಳಗೆ ಕೈ ತೂರಿಸಿಯೇ ಕೆಲಸ ಮಾಡಬೇಕು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಇಪ್ಪತ್ತೊಂದು ಪಾಲು ಆಮ್ಲಜನಕವಿದ್ದರೆ ಆ ಪೆಟ್ಟಿಗೆಯೊಳಗೆ ಇದ್ದದ್ದು ಒಂದೇ ಪಾಲು. ಏನನ್ನಾದರೂ ಒಳಗೆ ಕಳಿಸಬೇಕಾದರೆ ಪಕ್ಕದ ಪುಟ್ಟ ಗೂಡಿನಲ್ಲಿಟ್ಟು, ಅಲ್ಲಿನ ಗಾಳಿ ಬದಲಾಗುವವರೆಗೆ ಕಾಯಬೇಕು. ಹನ್ನೆರಡು ವರ್ಷದಿಂದ ಆ ಪೆಟ್ಟಿಗೆಗೆ ಕೈ ತೂರಿಸುತ್ತ ಬಂದವಳು ಅಕ್ಕ. ಉಳಿದವರು ಅದನ್ನು ಮುಟ್ಟುವ ಮುಂಚೆ ಅವಳ ಮುಖ ನೋಡುತ್ತಿದ್ದರು.

ಇಷ್ಟೆಲ್ಲ ರಗಳೆ ಯಾಕೆ ಎಂದು ಅತ್ತೆ ಒಮ್ಮೆ ಕೇಳಿದ್ದರು. ತರಕಾರಿ ಹೆಚ್ಚುತ್ತ ಅಕ್ಕ ಬಿಡಿಸಿ ಹೇಳಿದ್ದಳು. ಈ ಕಾಯಿಲೆಯ ಕೋಶಗಳು ಹುಟ್ಟಿ ಬೆಳೆಯುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿ ಆಮ್ಲಜನಕಕ್ಕೆ ಬರ. ಅಂಥ ಕಡೆ ಕೆಲವು ಕೋಶಗಳು ಒಂದು ಎರಡಾಗುವುದನ್ನು ನಿಲ್ಲಿಸಿ ಸುಮ್ಮನೆ ಮಲಗಿಬಿಡುತ್ತವೆ. ಹಳೆಯ ಔಷಧಿಗಳು ಬೆಳೆಯುತ್ತಿರುವ ಕೋಶಗಳನ್ನು ಹಿಡಿದು ಹೊಡೆಯುವಂಥವು, ಮಲಗಿದ್ದನ್ನು ಬಿಟ್ಟು ಮುಂದಕ್ಕೆ ಹೋಗುತ್ತವೆ. ರೋಗಿಗೆ ವಾಸಿಯಾಯಿತು ಎಂದು ಮನೆಗೆ ಕಳಿಸಿದ ಮೇಲೆ ಇವು ಎದ್ದು ಕೂತು ಮತ್ತೆ ಸಂಸಾರ ಶುರುಮಾಡುತ್ತವೆ. ಹೊರಗಿನ ಗಾಳಿಯಲ್ಲಿ ಪರೀಕ್ಷೆ ಮಾಡಿದರೆ ಎಲ್ಲ ಔಷಧಿಯೂ ಒಳ್ಳೆಯದಾಗಿಯೇ ಕಾಣುತ್ತದೆ. ನಿಜ ತಿಳಿಯಬೇಕಾದರೆ ಮೂಳೆಯೊಳಗಿನ ಗಾಳಿಯಲ್ಲೇ ನೋಡಬೇಕು.

"ಹಂಗಾದ್ರೆ ಇವು ಸ್ಕೂಲಿಗೆ ಕರೆಯೋಕೆ ಬಂದಾಗ ಮುಸುಕು ಹಾಕ್ಕೊಂಡು ಮಲಗೋ ಪೈಕಿ," ಎಂದರು ಅತ್ತೆ. "ನಿನ್ನ ಗಂಡನೂ ಚಿಕ್ಕವನಿದ್ದಾಗ ಹೀಗೇ ಇದ್ದ."

ಸ್ಕೂಲ್ ವ್ಯಾನ್ ಓಡಿಸುತ್ತಿದ್ದ ಗಂಡ ಈ ಮಾತು ತನಗಲ್ಲ ಎಂಬಂತೆ ಪತ್ರಿಕೆಯ ಪುಟ ತಿರುಗಿಸಿದ.

ಆ ವರ್ಷ ಲ್ಯಾಬಿಗೆ ಒಂದು ಹೊಸ ಔಷಧಿ ಬಂದಿತ್ತು. ಅದರ ಸ್ವಭಾವವೇ ತಲೆಕೆಳಗು. ಆಮ್ಲಜನಕ ಇದ್ದ ಕಡೆ ಹಸುವಿನಂಥ ಸಾಧು, ಇಲ್ಲದ ಕಡೆ ಹುಲಿ. ಬೇರೊಂದು ಗಡ್ಡೆಯ ಕಾಯಿಲೆಗೆ ಅದನ್ನು ಮನುಷ್ಯರಿಗೆ ಕೊಟ್ಟು, ಮೈ ತಡೆದುಕೊಳ್ಳುತ್ತದೆ ಎಂದು ನೋಡಿಯೂ ಆಗಿತ್ತು. ಮಲಗಿದ ಕೋಶಗಳನ್ನು ಇದು ಹಾಸಿಗೆಯಲ್ಲೇ ಹಿಡಿದೀತೆ ಎಂಬುದು ಪ್ರಶ್ನೆ. ಕೇಳಿದವರು ಲ್ಯಾಬಿನ ಮುಖ್ಯಸ್ಥೆ, ಎಲ್ಲರ ಬಾಯಲ್ಲೂ ಬರೀ ಮೇಡಂ. ಬೆಳಿಗ್ಗೆ ವಾರ್ಡಿನಲ್ಲಿ ರೋಗಿಗಳನ್ನು ನೋಡಿ, ಮಧ್ಯಾಹ್ನ ಲ್ಯಾಬಿಗೆ ಬರುತ್ತಿದ್ದರು. ಕಾಯಿಲೆ ಮರುಕಳಿಸಿದ ಹದಿನಾಲ್ಕು ಜನ ಅವರ ವಾರ್ಡಿನಲ್ಲಿದ್ದರು. ಅವರ ಮುಂದೆ ನಿಂತು, ಹೊಸದೇನೂ ಇಲ್ಲ ಎಂದು ಹೇಳಿ ಹೇಳಿ ಮೇಡಂ ಅವರ ದನಿಯೇ ಸಣ್ಣಗಾಗಿತ್ತು.

ಲೆಕ್ಕ ಬರೆಯುತ್ತಿದ್ದವನು ಒಬ್ಬ ಯುವ ಸಂಶೋಧಕ. ಅವನಿಗೆ ಅಕ್ಕ ಇಟ್ಟ ಹೆಸರು ದಶಾಂಶ. ಊಟಕ್ಕೆ ಎಷ್ಟು ಹೊತ್ತಿಗೆ ಹೋಗೋಣ ಎಂದು ಕೇಳಿದರೂ ಬಿಂದುವಿಟ್ಟು ಹೇಳುವ ಆಸಾಮಿ. ಮಾಡುವ ವಿಧಾನವನ್ನೆಲ್ಲ ಒಂದೊಂದೇ ಹೆಜ್ಜೆಯಾಗಿ ಒಂದು ನೀಲಿ ಪುಸ್ತಕದಲ್ಲಿ ಬರೆದಿಟ್ಟಿದ್ದ. ಕೋಶಗಳ ಆಹಾರವಾದ ಕೆಂಪು ದ್ರವವನ್ನು ಹಿಂದಿನ ದಿನವೇ ಮುಚ್ಚಳ ಸಡಿಲಿಸಿ ಪೆಟ್ಟಿಗೆಯೊಳಗೆ ಇಡಬೇಕು, ಅದರಲ್ಲಿ ಕರಗಿದ ಆಮ್ಲಜನಕ ಹೊರಟುಹೋಗಬೇಕು ಎಂಬುದರಿಂದ ಹಿಡಿದು, ಹನಿ ಅಳೆದು ಬಿಡುವ ಪಿಪೆಟ್ಟನ್ನು ಯಾವ ಬೆರಳಿನಿಂದ ಒತ್ತಬೇಕು ಎಂಬುದರವರೆಗೆ ಎಲ್ಲ ಅದರಲ್ಲಿತ್ತು. ಇದನ್ನು ಓದಿದರೆ ಎಮ್ಮೆಯೂ ಪ್ರಯೋಗ ಮಾಡಬಲ್ಲದು ಎಂದು ಅವನು ಕೊಚ್ಚಿಕೊಂಡಿದ್ದ.

ಮೊದಲ ಸಲ ಅಕ್ಕ ಕೋಶ ಸಾಕುವ ಪ್ಲೇಟುಗಳಿಗೆ ಹಳೆಯ ಔಷಧಿಯ ಜೊತೆ ಹೊಸದನ್ನೂ ಹಾಕಿ, ಮೂರನೆಯ ದಿನ ಎಣಿಸಿದಾಗ ನೂರು ಕೋಶಗಳಲ್ಲಿ ಬದುಕಿ ಉಳಿದದ್ದು ಒಂಬತ್ತು. ಒಂಬತ್ತು ಪಾಯಿಂಟ್ ಮೂರು ಎಂದು ದಶಾಂಶ ತಿದ್ದಿದ. ಹಳೆಯ ಔಷಧಿಯೊಂದನ್ನೇ ಹಾಕಿದ ಪ್ಲೇಟುಗಳಲ್ಲಿ ಎಪ್ಪತ್ತು ಉಳಿದಿದ್ದವು. ಎರಡನೆಯ ಸಲವೂ ಅಷ್ಟೇ, ಉಳಿದದ್ದು ಎಂಟು. ಮೇಡಂ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು, ಕುರ್ಚಿಯಲ್ಲಿ ಒಂದು ಸುತ್ತು ತಿರುಗಿ, ಇದು ಅಕ್ಕನ ಕೈಗುಣ ಎಂದುಬಿಟ್ಟರು.

ಮಾತು ಕಾಡ್ಗಿಚ್ಚಿನಂತೆ ಹಬ್ಬಿತು. ಕಿಟಕಿಯಲ್ಲಿ ಬಾಡುತ್ತಿದ್ದ ಹೂಕುಂಡಕ್ಕೆ ಅಕ್ಕನ ಕೈಯಲ್ಲೇ ನೀರು ಹಾಕಿಸಿದರು. ಕೈಕೊಟ್ಟ ಪ್ರಿಂಟರನ್ನು ಮುಟ್ಟಿ ಹೋಗಿ ಎಂದು ಆಫೀಸಿನವರು ಕರೆದರು. ಅಕ್ಕ ಹಾಗೇನೂ ಇಲ್ಲ ಬಿಡಿ ಎನ್ನುತ್ತಲೇ ಒಳಗೊಳಗೆ ಹಿಗ್ಗಿ ಹೀರೇಕಾಯಿಯಾದಳು. ಮನೆಗೆ ಬಂದು ಅತ್ತೆಗೆ ಹೇಳಿದಾಗ ಅತ್ತೆ, ಹಾಗಾದರೆ ನಾಳೆಯಿಂದ ನನ್ನ ಮಂಡಿಗೂ ನೀನೇ ಎಣ್ಣೆ ತಿಕ್ಕು ಎಂದು ಕಾಲು ಚಾಚಿದರು.

ಆದರೆ ಆ ಕಸುಬಿನಲ್ಲಿ ಎರಡು ಸಲ ಆದದ್ದಕ್ಕೆ ಮರ್ಯಾದೆ ಇಲ್ಲ. ಇಲ್ಲೇ ಮೂರನೆಯ ಸಲ ಆಗಬೇಕು. ಆಮೇಲೆ ದೂರದ ಇನ್ನೊಂದು ಆಸ್ಪತ್ರೆಯವರು ತಮ್ಮ ಲ್ಯಾಬಿನಲ್ಲಿ, ತಮ್ಮ ಕೈಯಲ್ಲಿ ಮಾಡಿ ಹೌದು ಅನ್ನಬೇಕು. ಅಲ್ಲಿಯೂ ಆದರೆ ಮಾತ್ರ ವಾರ್ಡಿನ ಹದಿನಾಲ್ಕು ಜನರಿಗೆ ಇದನ್ನು ಕೊಟ್ಟು ನೋಡಲು ಒಪ್ಪಿಗೆ ಸಿಗುತ್ತಿತ್ತು.

ಅಷ್ಟರಲ್ಲಿ ಅಕ್ಕನ ಮಗಳಿಗೆ ಹೆರಿಗೆಯಾಯಿತು. ಅಕ್ಕ ಎರಡು ವಾರ ರಜೆ ಹಾಕಿ ಮಗಳ ಊರಿಗೆ ಹೋದಳು. ಮೊಮ್ಮಗಳು ಥೇಟ್ ಅತ್ತೆಯ ಮೂಗನ್ನೇ ಕಿತ್ತುಕೊಂಡು ಹುಟ್ಟಿದ್ದಳು. ಅದಕ್ಕೆ ಅತ್ತೆ ಫೋನಿನಲ್ಲಿ ಫೋಟೋ ನೋಡಿ, ಪಾಪ ಎಂದರಂತೆ. ಎರಡು ವಾರ ಅಕ್ಕ ಕೋಶ, ಪೆಟ್ಟಿಗೆ, ಆಮ್ಲಜನಕ ಎಲ್ಲ ಮರೆತು ಆ ಪುಟ್ಟ ಮೂಗನ್ನೇ ನೋಡುತ್ತ ಕೂತಳು.

ಮೊಬೈಲಿನ ತುಂಬ ಫೋಟೋ ತುಂಬಿಕೊಂಡು ವಾಪಸಾದಾಗ ಲ್ಯಾಬು ಮುಖ ಊದಿಸಿಕೊಂಡು ಕೂತಿತ್ತು. ಅವಳಿಲ್ಲದಾಗ ದಶಾಂಶ ತಾನೇ ಪುಸ್ತಕ ಮುಂದಿಟ್ಟುಕೊಂಡು ಮೂರನೆಯ ಸಲದ ಪ್ರಯೋಗ ಮಾಡಿದ್ದ. ಉಳಿದದ್ದು ಅರವತ್ತನಾಲ್ಕು. ಕೈ ತಪ್ಪಿರಬೇಕೆಂದು ಮತ್ತೆ ಮಾಡಿದ್ದ. ಅರವತ್ತೊಂದು. ಹೊಸ ಔಷಧಿ ಹಾಕಿದರೂ ಒಂದೇ, ನೀರು ಹಾಕಿದರೂ ಹೆಚ್ಚುಕಮ್ಮಿ ಒಂದೇ ಎಂಬಂತಾಗಿತ್ತು.

ಮೇಡಂ ಅಕ್ಕನನ್ನು ಕೋಣೆಗೆ ಕರೆದು ಬಾಗಿಲು ಮುಂದಕ್ಕೆ ಮಾಡಿದರು. ಮೊದಲು ಮೊಮ್ಮಗಳ ಫೋಟೋ ನೋಡಿ ನಕ್ಕರು, ಆಮೇಲೆ ಕನ್ನಡಕ ತೆಗೆದರು.

"ಅಕ್ಕ, ಬೇಜಾರು ಮಾಡ್ಕೋಬೇಡಿ, ಕೇಳಲೇಬೇಕು. ಒಬ್ಬರ ಕೈಯಲ್ಲಿ ಮಾತ್ರ ಕೆಲಸ ಮಾಡೋದನ್ನ ಔಷಧಿ ಅನ್ನೋಕಾಗಲ್ಲ. ಎಣಿಸುವಾಗ ಚೆನ್ನಾಗಿ ಬಂದಿರೋ ಪ್ಲೇಟು ಮಾತ್ರ ಎಣಿಸಿ, ಮಿಕ್ಕಿದ್ದು ಬಿಟ್ರಾ?"

"ಇಲ್ಲ ಮೇಡಂ."

"ಎಲ್ಲಾನೂ ಪುಸ್ತಕದಲ್ಲಿ ಇರೋ ಹಾಗೇ ಮಾಡಿದ್ರಾ?"

"ಹಾಗೇ ಮಾಡಿದ್ದು."

ಹನ್ನೆರಡು ವರ್ಷದಲ್ಲಿ ಅವಳು ಒಂದು ಸತ್ತ ಕೋಶವನ್ನು ಬದುಕಿದ್ದರ ಲೆಕ್ಕಕ್ಕೆ ಸೇರಿಸಿದವಳಲ್ಲ, ಬದುಕಿದ್ದನ್ನು ಸತ್ತದ್ದೆಂದು ಬರೆದವಳಲ್ಲ. ಕಣ್ಣು ಉರಿದರೂ ಎರಡೆರಡು ಸಲ ಎಣಿಸಿದವಳು. ನಿನ್ನೆಯವರೆಗೆ ಹೊಗಳಿಕೆಯಾಗಿದ್ದ ಕೈಗುಣವೇ ಈಗ ಕೈಚಳಕದ ಗುಮಾನಿಯಾಗಿ ತಿರುಗಿ ನಿಂತದ್ದರಿಂದ ಅವಳಿಗೆ ಬಹಳ ನೋವಾಯಿತು. ಕೋಪವೂ ಬಂತು. ಆದರೆ ಮೇಡಂ ಕೇಳಿದ್ದು ತಪ್ಪೆಂದು ಹೇಳಲೂ ಆಗಲಿಲ್ಲ, ಅವರ ಜಾಗದಲ್ಲಿ ತಾನಿದ್ದರೆ ತಾನೂ ಇದನ್ನೇ ಕೇಳುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು.

ತನ್ನ ಕೈಯಲ್ಲೇ ಮತ್ತೊಮ್ಮೆ, ಎಲ್ಲರ ಕಣ್ಣೆದುರು ಮಾಡುತ್ತೇನೆ ಎಂದು ಅವಳೇ ಹೇಳಿದಳು. ಬುಧವಾರ ಬೆಳಿಗ್ಗೆ ಮೇಡಂ ಮತ್ತು ದಶಾಂಶ ಎರಡು ಸ್ಟೂಲು ಎಳೆದುಕೊಂಡು ಪೆಟ್ಟಿಗೆಯ ಮುಂದೆ ಕೂತರು. ಅಕ್ಕ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದಿದ್ದಳು. ದಶಾಂಶ ಪುಸ್ತಕ ನೋಡಿ ಒಂದೊಂದೇ ಸಾಲು ಓದುವುದು, ಅವಳು ಅದನ್ನು ಮಾಡುವುದು. ಸ್ಟೋರಿನಿಂದ ಹೊಸ ಪ್ಲೇಟಿನ ಪ್ಯಾಕೆಟ್ಟು ತಂದು ಅವನೇ ಕೊಟ್ಟ, ಅವಳು ಗೂಡಿನ ಮೂಲಕ ಒಳಗೆ ತೆಗೆದುಕೊಂಡಳು. ಓದಿದ್ದಕ್ಕಿಂತ ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಶನಿವಾರ ಎಣಿಸಿದರೆ ಉಳಿದದ್ದು ಅರವತ್ತೆರಡು.

ಮೊದಲಿನ ಎರಡು ಫಲಿತಾಂಶವೇ ಏನೋ ಎಡವಟ್ಟು ಎಂದು ಮೇಡಂ ತೀರ್ಮಾನಿಸಿದರು. ಇನ್ನೊಂದು ಆಸ್ಪತ್ರೆಯವರು ಸುಮ್ಮನೆ ಶ್ರಮಪಡುವುದು ಬೇಡ, ಕೈಬಿಡಿ ಎಂದು ಸೋಮವಾರ ಪತ್ರ ಬರೆಯುವುದಾಗಿ ಹೇಳಿ, ಚೀಲ ತೆಗೆದುಕೊಂಡು ಹೊರಟರು. ಅಕ್ಕನಿಗೆ ಎರಡು ವಿಷಯ ಒಟ್ಟಿಗೆ ಹೊಳೆದವು. ಆ ಪತ್ರ ಹೋದರೆ ಹದಿನಾಲ್ಕು ಜನರ ಪಾಲಿಗೆ ಈ ಬಾಗಿಲು ಮುಚ್ಚಿತು. ಅದರ ಜೊತೆಗೆ, ತಾನು ಸುಳ್ಳು ಲೆಕ್ಕ ಕೊಟ್ಟವಳು ಎಂಬ ಮಾತು, ಯಾರೂ ಬಾಯಿಬಿಟ್ಟು ಹೇಳದಿದ್ದರೂ, ಈ ಕೋಣೆಯಲ್ಲಿ ತನ್ನ ರಿಟೈರ್ಮೆಂಟಿನವರೆಗೂ ಉಳಿಯಿತು.

ಅವತ್ತು ಅತ್ತೆ ಎಷ್ಟು ಸತ್ತವು ಎಂದು ಕೇಳಲಿಲ್ಲ. ಸೊಸೆಯ ಮುಖ ನೋಡಿ, ಕಾಫಿ ಕೊಟ್ಟು, ಎದುರಿಗೆ ಕೂತರು. ಅಕ್ಕ ಎಲ್ಲ ಹೇಳಿದಳು, ನಡುವೆ ಎರಡು ಸಲ ಮೂಗು ಒರೆಸಿಕೊಂಡಳು. ಅತ್ತೆ ಕೇಳಿಸಿಕೊಂಡು ಬಹಳ ಹೊತ್ತು ಯೋಚಿಸಿದರು. ಅವರು ಯೋಚಿಸುವಾಗ ಕೆಳದವಡೆ ಅತ್ತಿತ್ತ ಆಡುತ್ತಿತ್ತು.

"ನೋಡು, ಯಾರಾದ್ರೂ ಬಂದು ನಿಂತ್ಕೊಂಡು ನೋಡ್ತಾ ಇದ್ರೆ ನಾನೂ ಚಮಚದಲ್ಲಿ ಅಳೆದೇ ಉಪ್ಪು ಹಾಕೋದು. ಯಾರೂ ಇಲ್ದಿದ್ರೆ ಕೈಯಲ್ಲಿ ಹಾಕ್ತೀನಿ. ರುಚಿ ಇರೋದು ಕೈಯಲ್ಲಿ ಹಾಕಿದ್ದಕ್ಕೇ. ಅವರ ಮುಂದೆ ಏನ್ ಮಾಡಿದೆ ಅಂತ ನನಗೆ ಬೇಡ. ಯಾರೂ ಇಲ್ದೇ ಇದ್ದಾಗ ಏನ್ ಮಾಡ್ತೀಯ, ಅದನ್ನ ಹೇಳು."

ಏನೂ ಇಲ್ಲ ಅತ್ತೆ ಎನ್ನಲು ಬಾಯಿ ತೆರೆದವಳು ಹಾಗೆಯೇ ನಿಂತಳು. ಒಂದು ಇತ್ತು. ಅದನ್ನು ಅವಳು ಎಂದೂ ಕೆಲಸದ ಲೆಕ್ಕಕ್ಕೆ ಸೇರಿಸಿರಲಿಲ್ಲ, ಅದು ಬರೀ ಕಳ್ಳರ ಕಾಟಕ್ಕೆ ಕಂಡುಕೊಂಡ ಉಪಾಯ.

ಅವರ ಲ್ಯಾಬಿನ ಎದುರಿಗೆ ಮೂಳೆ ವಿಭಾಗದ ಲ್ಯಾಬಿತ್ತು. ಅಕ್ಕನ ಬಾಯಲ್ಲಿ ಅದು ಎದುರುಮನೆ. ಅಲ್ಲಿನ ಟೆಕ್ನಿಶಿಯನ್ ಮಾತಿನಲ್ಲಿ ಜೇನು ಸುರಿಸುವವನು. ಎರಡೇ ಎರಡು ಪ್ಲೇಟು ಕೊಡಿ ಅಕ್ಕ, ನಾಳೆ ವಾಪಸ್ಸು ಎನ್ನುತ್ತ ಬರುವವನು, ಆ ನಾಳೆ ಎಂಟು ವರ್ಷದಿಂದ ಬಂದಿರಲಿಲ್ಲ. ಅವಳಿಲ್ಲದಾಗಲಂತೂ ಕೇಳುವ ಶ್ರಮವನ್ನೂ ತೆಗೆದುಕೊಳ್ಳುತ್ತಿರಲಿಲ್ಲ, ಕಪಾಟಿನಿಂದ ನೇರ ಎತ್ತಿಕೊಂಡು ಹೋಗುತ್ತಿದ್ದ. ಅತ್ತ ಸೋಮವಾರ ಸ್ಟೋರಿನವರು ಬೀಗ ತೆಗೆಯುವುದು ಹತ್ತೂವರೆಗೆ, ಇವಳ ಕೆಲಸ ಶುರುವಾಗುವುದು ಒಂಬತ್ತಕ್ಕೆ. ಹಾಗಾಗಿ ಅಕ್ಕ ಶನಿವಾರ ಮಧ್ಯಾಹ್ನವೇ ಬೇಕಾದ ಪ್ಲೇಟುಗಳನ್ನು ತಂದು, ಪ್ಯಾಕೆಟ್ಟು ಒಡೆದು, ಯಾರೂ ಕೈಹಾಕುವ ಧೈರ್ಯ ಮಾಡದ ಒಂದೇ ಒಂದು ಜಾಗದಲ್ಲಿ ಬಚ್ಚಿಡುತ್ತಿದ್ದಳು. ಪೆಟ್ಟಿಗೆಯೊಳಗೆ, ನೀರಿನ ಟ್ರೇಯ ಹಿಂದೆ.

ಪೆಟ್ಟಿಗೆಯ ಗಾಜಿನ ಮೇಲೆ ಮೇಡಂ ಅವರ ಕೈಬರಹದಲ್ಲೇ ಒಂದು ಚೀಟಿ ಅಂಟಿಸಿತ್ತು: ಇದು ಸಾಮಾನು ಇಡುವ ಜಾಗವಲ್ಲ. ಹೊಸದಾಗಿ ಬಂದವರಿಗೆಲ್ಲ ಆ ಚೀಟಿ ತೋರಿಸಿ ಗದರುತ್ತಿದ್ದವಳು ಅಕ್ಕನೇ. ಬೇಲಿಯೇ ಎದ್ದು ಹೊಲ ಮೇಯ್ದಂತೆ ತಾನೇ ಅಲ್ಲಿ ಗುಡ್ಡೆ ಹಾಕಿಕೊಂಡಿದ್ದೆ ಎಂದು ಈಗ ಹೇಳುವುದು ಹೇಗೆ? ಅದೂ ಇಂಥ ಹೊತ್ತಿನಲ್ಲಿ? ಖಾಲಿ ಪ್ಲೇಟು ಎಲ್ಲಿದ್ದರೇನು, ಅದರಿಂದ ಕೋಶ ಸಾಯುವುದೂ ಇಲ್ಲ ಬದುಕುವುದೂ ಇಲ್ಲ. ಹೇಳಿದರೆ ಇದ್ದ ಅನುಮಾನದ ಮೇಲೆ ಇನ್ನೊಂದು ಅನುಮಾನ, ಗಾಯದ ಮೇಲೆ ಬರೆ.

ಭಾನುವಾರ ಇಡೀ ದಿನ ಅವಳು ಬೀರು ಜೋಡಿಸಿದಳು, ಗಂಡನ ವ್ಯಾನಿನ ಸೀಟು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಕೊನೆಗೆ ಒಂದು ಮಾತು ಮನಸ್ಸಿಗೆ ಗಟ್ಟಿಯಾಗಿ ಕೂತಿತು. ಪುಸ್ತಕದಲ್ಲಿ ಇರುವ ಹಾಗೇ ಮಾಡಿದ್ರಾ ಎಂದು ಮೇಡಂ ಕೇಳಿದ್ದರು, ತಾನು ಹೌದು ಎಂದಿದ್ದೆ. ಅದು ನಿಜವಲ್ಲ. ಬೇರೆ ಯಾವ ಸುಳ್ಳನ್ನೂ ಹೇಳದವಳು ಆ ಒಂದನ್ನು ಹೇಳಿದಂತಾಗಿತ್ತು. ಪ್ರಯೋಜನವಾಗಲಿ ಬಿಡಲಿ, ಅದನ್ನು ಸರಿಮಾಡದೆ ತನ್ನ ಮಾತನ್ನು ನಂಬಿ ಎಂದು ಕೇಳುವ ಮುಖ ಅವಳಿಗಿರಲಿಲ್ಲ.

ಸೋಮವಾರ ಮೇಡಂ ಪತ್ರದ ಮೂರನೆಯ ಸಾಲಿನಲ್ಲಿದ್ದಾಗ ಅಕ್ಕ ಬಾಗಿಲು ತಟ್ಟಿದಳು. ದಶಾಂಶನೂ ಅಲ್ಲೇ ಇದ್ದ. ಕೂರಿ ಎಂದರೂ ಕೂರದೆ, ಗೋಡೆಯ ಕ್ಯಾಲೆಂಡರ್ ನೋಡಿಕೊಂಡು, ಎದುರುಮನೆಯವನಿಂದ ಶುರುಮಾಡಿ ನೀರಿನ ಟ್ರೇಯವರೆಗೆ ಎಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ನಿಯಮ ಮುರಿದದ್ದು ತಪ್ಪು, ಏನು ಕ್ರಮ ತೆಗೆದುಕೊಂಡರೂ ಒಪ್ಪುತ್ತೇನೆ, ಆದರೆ ಎಣಿಕೆಯಲ್ಲಿ ಮಾತ್ರ ಒಂದು ಕೋಶವನ್ನೂ ಆಚೀಚೆ ಮಾಡಿಲ್ಲ ಎಂದು ಮುಗಿಸಿದಳು.

ಮೇಡಂ ಪೆನ್ನು ಕೆಳಗಿಟ್ಟರು. ಅವರು ಮಾತಾಡುವ ಮುಂಚೆ ದಶಾಂಶ ಎದ್ದು ನಿಂತಿದ್ದ, ಅವನ ಸ್ಟೂಲು ಹಿಂದಕ್ಕೆ ಬಿದ್ದದ್ದು ಅವನಿಗೇ ಗೊತ್ತಾಗಲಿಲ್ಲ.

"ಎಷ್ಟು ಗಂಟೆ ಇಡ್ತಿದ್ರಿ ಅಕ್ಕ?"

"ಶನಿವಾರ ಮೂರೂವರೆಗೆ ಇಟ್ರೆ ಸೋಮವಾರ ಒಂಬತ್ತಕ್ಕೆ ತೆಗೀತೀನಿ."

"ನಲವತ್ತೊಂದು ಪಾಯಿಂಟ್ ಐದು," ಎಂದ ಅವನು, ಹಣೆ ಹಿಡಿದುಕೊಂಡು. "ಪ್ಲಾಸ್ಟಿಕ್ ಮೇಡಂ. ನಾವು ದ್ರವದಲ್ಲಿರೋ ಆಕ್ಸಿಜನ್ ತೆಗೆದ್ವಿ. ಪ್ಲೇಟಿನ ಪ್ಲಾಸ್ಟಿಕ್ಕಲ್ಲಿರೋದನ್ನ ಮರೆತೇಬಿಟ್ವಿ."

ಆಮೇಲೆ ಅವನು ಅಕ್ಕನಿಗೆ ಬಿಡಿಸಿ ಹೇಳಿದ, ಹೇಳುತ್ತ ಹೇಳುತ್ತ ತನಗೇ ತಾನು ಬೈದುಕೊಂಡ. ಪ್ಲಾಸ್ಟಿಕ್ಕು ನೋಡಲು ಗಟ್ಟಿ, ಆದರೆ ಹೊರಗಿನ ಗಾಳಿಯಲ್ಲಿದ್ದಾಗ ಆಮ್ಲಜನಕವನ್ನು ಮೈಯೊಳಗೆ ಹೀರಿಕೊಂಡಿರುತ್ತದೆ. ಈರುಳ್ಳಿ ಇಟ್ಟ ಡಬ್ಬ ಎಷ್ಟು ತೊಳೆದರೂ ಈರುಳ್ಳಿ ವಾಸನೆ ಬಿಡುವುದಿಲ್ಲವಲ್ಲ, ಹಾಗೆ. ಹೊಸ ಪ್ಲೇಟನ್ನು ಪೆಟ್ಟಿಗೆಯೊಳಗೆ ತಂದ ಕೂಡಲೇ ಕೆಲಸ ಶುರುಮಾಡಿದರೆ, ಅದು ಗಂಟೆಗಟ್ಟಲೆ ಆ ಆಮ್ಲಜನಕವನ್ನು ತಳದಿಂದ ಬಿಡುತ್ತಿರುತ್ತದೆ. ಕೋಶಗಳು ಕೂತಿರುವುದೂ ಅದೇ ತಳದಲ್ಲಿ. ಪೆಟ್ಟಿಗೆಯ ಮೀಟರು ತೋರಿಸುವ ಒಂದು ಪಾಲು ಪೆಟ್ಟಿಗೆಯ ಗಾಳಿಯದು, ಪ್ಲೇಟಿನ ತಳದ್ದಲ್ಲ. ಹೊಸ ಔಷಧಿಗೆ ಆಯಸ್ಸು ಇರುವುದು ಮೊದಲ ಆರು ಗಂಟೆ ಮಾತ್ರ. ಆ ಆರು ಗಂಟೆಯೂ ಸುತ್ತ ಆಮ್ಲಜನಕ ಕಂಡು, ತಾನು ಹೊರಗೇ ಇದ್ದೇನೆಂದು ಹಸುವಿನಂತೆ ಸುಮ್ಮನಿದ್ದುಬಿಟ್ಟಿದೆ. ಅಕ್ಕ ಬಚ್ಚಿಟ್ಟ ಪ್ಲೇಟುಗಳಾದರೋ ಎರಡು ರಾತ್ರಿ ಒಳಗಿದ್ದು ಉಸಿರನ್ನೆಲ್ಲ ಬಿಟ್ಟು ಬರಿದಾಗಿದ್ದವು.

"ವಿದ್ಯಾರ್ಥಿ ಆಗಿದ್ದಾಗ ಎಲ್ಲೋ ಓದಿದ್ದೆ ಮೇಡಂ," ಎಂದ ದಶಾಂಶ. "ಪುಸ್ತಕ ಬರೆಯೋವಾಗ ತಲೆಗೇ ಬರಲಿಲ್ಲ."

ನಂಬುವುದಕ್ಕೆ ಮುಂಚೆ ನೋಡಬೇಕಲ್ಲ. ಅವತ್ತೇ ಒಂದು ಕಟ್ಟು ಪ್ಲೇಟನ್ನು ಪೆಟ್ಟಿಗೆಯೊಳಗೆ ಮಲಗಿಸಿದರು. ಎರಡು ದಿನ ಬಿಟ್ಟು ಇನ್ನೊಂದು ಕಟ್ಟನ್ನು ಸ್ಟೋರಿನಿಂದ ನೇರ ತಂದು ಪಕ್ಕದಲ್ಲಿಟ್ಟರು. ಎರಡರಲ್ಲೂ ಅದೇ ಕೋಶ, ಅದೇ ದ್ರವ, ಅದೇ ಔಷಧಿ, ಅದೇ ಹೊತ್ತು. ಮಾಡಿದವನು ದಶಾಂಶ. ಅಕ್ಕ ಸ್ಟೂಲಿನ ಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಬೇಕೆಂದೇ. ಅವನು ಪಿಪೆಟ್ಟನ್ನು ಓರೆಯಾಗಿ ಹಿಡಿದಾಗ ತುಟಿ ಕಚ್ಚಿಕೊಂಡಳೇ ಹೊರತು ಬಾಯಿ ಬಿಡಲಿಲ್ಲ.

ಮೂರನೆಯ ದಿನ ಮೂವರೂ ಮೈಕ್ರೋಸ್ಕೋಪಿನ ಸುತ್ತ ನಿಂತರು. ನೇರ ತಂದ ಪ್ಲೇಟುಗಳಲ್ಲಿ ಉಳಿದದ್ದು ಅರವತ್ತಮೂರು. ಮಲಗಿಸಿದ್ದವುಗಳನ್ನು ಎಣಿಸಿ ಮುಗಿಸಿದ ದಶಾಂಶ ತಲೆ ಎತ್ತಿ, ಹತ್ತು ಎಂದ. ಬರೀ ಹತ್ತು. ಬಿಂದುವಿನ ಮುಂದೆ ಏನಿತ್ತೆಂದು ಅವನಿಗೂ ನೆನಪಾಗಲಿಲ್ಲ, ಉಳಿದಿಬ್ಬರೂ ಕೇಳಲಿಲ್ಲ.

ಅಕ್ಕನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮೇಡಂ ಅರ್ಧ ಬರೆದ ಪತ್ರವನ್ನು ನಾಲ್ಕು ತುಂಡು ಮಾಡಿ, ಅದನ್ನು ಕಸದಬುಟ್ಟಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಅಕ್ಕನ ಮುಂದೆ ಬಂದು ನಿಂತರು. ನಿಮಗೆ ನಾನು ಆ ಪ್ರಶ್ನೆ ಕೇಳಬಾರದಾಗಿತ್ತು ಎಂದರು, ದಶಾಂಶನ ಎದುರಿಗೇ.

"ಕೇಳಬೇಕಾಗಿತ್ತು ಮೇಡಂ," ಎಂದಳು ಅಕ್ಕ. "ಆದರೆ ಬಾಗಿಲು ಹಾಕ್ಕೊಂಡು ಕೇಳಬಾರದಾಗಿತ್ತು."

ಮೇಡಂ ಅದೂ ನಿಜ ಎಂದು ನಕ್ಕರು. ಆ ನಗುವಿಗೆ ಅಕ್ಕನ ಕೋಪದಲ್ಲಿ ಉಳಿದಿದ್ದ ಚೂರುಪಾರೂ ಕರಗಿತು. ಸದ್ದು ಕೇಳಿ ಎದುರುಮನೆಯವನು ಇಣುಕಿದ. ಬಂದದ್ದೇ ಆಯಿತು ಎಂದು ಎರಡೇ ಎರಡು ಪ್ಲೇಟು ಕೇಳಿದ. ಇನ್ನು ನಲವತ್ತು ಕೊಟ್ಟರೂ ತೀರದಷ್ಟು ಇವನ ಋಣ ನಮ್ಮ ಮೇಲಿದೆ ಎಂದು ಮೇಡಂ ಹೇಳಿದಾಗ, ಅವನು ಯಾವುದೋ ಬಲೆ ಇರಬೇಕೆಂದು ಹೆದರಿ, ಒಂದನ್ನೇ ತೆಗೆದುಕೊಂಡು ಓಡಿದ.

ನೀಲಿ ಪುಸ್ತಕದಲ್ಲಿ ಮೊದಲ ಹೆಜ್ಜೆಗೂ ಮುಂಚೆ ಒಂದು ಸಾಲು ಸೇರಿತು. ಖಾಲಿ ಪ್ಲೇಟುಗಳನ್ನು ಎರಡು ದಿನ ಮೊದಲೇ ಪ್ಯಾಕೆಟ್ಟು ಒಡೆದು ಪೆಟ್ಟಿಗೆಯೊ‍ಳಗೆ ಇಡತಕ್ಕದ್ದು. ಆ ಸಾಲನ್ನು ಅಕ್ಕನ ಕೈಯಲ್ಲೇ ಬರೆಸಿದರು. ಹೊಸ ಪುಸ್ತಕದ ಪ್ರತಿ ದೂರದ ಆಸ್ಪತ್ರೆಗೆ ಹೋಯಿತು.

ಎಲ್ಲರೂ ಗೆದ್ದೆವೆಂದು ಕುಣಿದರೂ ಅಕ್ಕ ಕುಣಿಯಲಿಲ್ಲ. ದಶಾಂಶ ಮಾಡಿದ್ದು ಸರಿ, ಆದರೆ ಅದೇ ಕೋಣೆ, ಅದೇ ಪೆಟ್ಟಿಗೆ, ಪಕ್ಕದಲ್ಲಿ ತಾನು ಕೂತಿದ್ದೆ. ನನ್ನನ್ನು ಕಣ್ಣಿಂದ ಕಂಡಿಲ್ಲದವರ ಕೈಯಲ್ಲಿ ಆಗಬೇಕು ಎಂದು ಅವಳು ಅತ್ತೆಗೆ ಹೇಳಿದಳು. ಜೀವಮಾನವಿಡೀ ತನ್ನ ಕೈರುಚಿ ಯಾರಿಗೂ ಬರಬಾರದೆಂದು ಹರಕೆ ಹೊತ್ತ ಅತ್ತೆಗೆ ಈ ಆಸೆ ಅರ್ಥವೇ ಆಗಲಿಲ್ಲ. ಒಂದು ವಾರ ಕಳೆಯಿತು, ಎರಡು ಕಳೆಯಿತು. ಅಕ್ಕ ಫೋನು ರಿಂಗಾದಾಗಲೆಲ್ಲ ಪೆಟ್ಟಿಗೆಯೊಳಗಿನ ಕೈ ಎಳೆದುಕೊಳ್ಳಲಾರದೆ ಕತ್ತು ಮಾತ್ರ ತಿರುಗಿಸುತ್ತಿದ್ದಳು. ಕತ್ತು ಹಿಡಿದುಕೊಂಡು, ಅತ್ತೆಯ ಮಂಡಿಯ ಎಣ್ಣೆಯಲ್ಲಿ ಅವಳಿಗೂ ಪಾಲು ಬೇಕಾಯಿತು.

ನಾಲ್ಕನೆಯ ವಾರ, ಮಧ್ಯಾಹ್ನದ ಹೊತ್ತು, ಫೋನು ಎತ್ತಿದ ದಶಾಂಶ ಅಕ್ಕನ ಕಡೆಗೆ ಕೈ ಬೀಸಿದ. ಆ ಕಡೆಯವರಿಗೆ ಮೇಡಂ ಬೇಡವಂತೆ, ಅವನೂ ಬೇಡವಂತೆ, ಪ್ಲೇಟಿನ ಸಾಲು ಬರೆದವರು ಬೇಕಂತೆ. ಅಕ್ಕ ಗ್ಲೌಸಿನಿಂದ ಕೈ ಬಿಡಿಸಿಕೊಂಡು ಬಂದಳು. ಮೇಡಂ ತಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತರು. ಆ ಬಾಗಿಲು ಈಗ ಹಗಲೆಲ್ಲ ತೆರೆದೇ ಇರುತ್ತಿತ್ತು.

ಫೋನಿನಲ್ಲಿದ್ದದ್ದು ಒಂದು ಹುಡುಗಿಯ ದನಿ. ತಾನೇ ಅಲ್ಲಿ ಪ್ರಯೋಗ ಮಾಡಿದವಳು ಎಂದಳು. ಸಂಖ್ಯೆ ಹೇಳುವ ಮುಂಚೆ ಒಂದು ವಿಷಯ ಒಪ್ಪಿಕೊಳ್ಳಬೇಕು ಎಂದಳು.

"ನಾನು ಈ ಕೆಲಸಕ್ಕೆ ಬಂದು ಮೂರೇ ತಿಂಗಳು ಅಕ್ಕ. ಇಲ್ಲಿ ಎಲ್ಲರೂ ನನ್ನ ಕೈ ಸರಿ ಇಲ್ಲ ಅಂತಾರೆ. ಮೊದಲನೇ ದಿನಾನೇ ಎರಡು ಪ್ಲೇಟು ಬೀಳಿಸಿದೆ. ಪಿಪೆಟ್ಟು ಹಿಡಿದ್ರೆ ಈಗಲೂ ನಡುಗುತ್ತೆ. ಬೇರೆಯವರೆಲ್ಲ ರಜೆ ಅಂತ ನನಗೆ ಕೊಟ್ರು. ನೀವು ಬರೆದಿರೋ ಹಾಗೆ ಎರಡು ದಿನ ಮೊದಲು ಪ್ಲೇಟು ಒಳಗಿಟ್ಟೆ. ಅದೊಂದನ್ನ ಮಾತ್ರ ಸರಿಯಾಗಿ ಮಾಡಿದೀನಿ. ಮೂರು ಸಲ ಮಾಡಿದೆ, ಮೂರು ಸಲವೂ ಎಣಿಸಿದೆ. ಹನ್ನೊಂದೇ ಉಳಿದಿರೋದು ಅಕ್ಕ. ಇದು ಸರೀನಾ, ನಾನೇನಾದ್ರೂ ಕೆಡಿಸಿದೀನಾ?"

ಅಕ್ಕ ಮೇಡಂ ಕಡೆ ತಿರುಗಿ ಎರಡು ಕೈ ಬೆರಳು ಎತ್ತಿ ಹತ್ತು ತೋರಿಸಿ, ಮತ್ತೊಂದು ಬೆರಳು ತೋರಿಸಿದಳು, ಫೋನು ಕೆನ್ನೆ ಹೆಗಲಿನ ನಡುವೆ ಸಿಕ್ಕಿಕೊಂಡಿತ್ತು. ಮೇಡಂ ಬಾಯಿಗೆ ಕೈ ಹಿಡಿದರು, ಆಮೇಲೆ ಲಿಫ್ಟಿಗೂ ಕಾಯದೆ ವಾರ್ಡಿನ ಮೆಟ್ಟಿಲು ಇಳಿದು ಓಡಿದರು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಅಕ್ಕನಿಗೆ ನಗು ತಡೆಯಲಾಗಲಿಲ್ಲ.

"ಏನೂ ಕೆಡಿಸಿಲ್ಲ ಕಣಮ್ಮ," ಎಂದಳು. "ನಮಗೆ ಬೇಕಾಗಿದ್ದಿದ್ದೇ ನಿನ್ನ ಕೈ."